ಸುಣ್ಣದ ಪಾಲು

ಭಾನುವಾರದ ಊಟಕ್ಕೆ ಕಿರಿಯ ಮಗ ಬರುತ್ತಾನೆಂದರೆ ಸಾಕು, ಬೆಣ್ಣೆಯ ಡಬ್ಬಿ ಎಲ್ಲಿದ್ದರೂ ತಾಯಿಯ ಕೈಗೆ ತಾನಾಗಿ ಬಂದು ಕೂರುತ್ತಿತ್ತು. ಉಳಿದ ದಿನಗಳಲ್ಲಿ ಆ ಡಬ್ಬಿ ಯಾವ ಮೂಲೆಯಲ್ಲಿ ತಪಸ್ಸು ಮಾಡುತ್ತಿತ್ತೆಂಬುದು ಮನೆಯಲ್ಲಿ ಬೇರೆ ಯಾರಿಗೂ ತಿಳಿಯದು. ಹಿರಿಯ ಮಗನ ತಟ್ಟೆಗೆ ರೊಟ್ಟಿ, ಪಲ್ಯ, ಬೇಳೆ. ಕಿರಿಯನ ತಟ್ಟೆಗೆ ಅವೆಲ್ಲದರ ಮೇಲೆ ಹೆಬ್ಬೆರಳ ಗಾತ್ರದ ಬೆಣ್ಣೆ. ಇದು ನಿನ್ನೆ ಮೊನ್ನೆಯ ರೂಢಿಯಲ್ಲ. ಹುಡುಗ ಬೆಣ್ಣೆ ಮೆತ್ತಿದ ತುಟಿಯಲ್ಲೇ ಆಟಕ್ಕೆ ಓಡಿಬರುತ್ತಿದ್ದುದನ್ನು ಕಂಡು ಬೀದಿಯವರು ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟಿದ್ದರು. ಬೆಳೆದು ದೊಡ್ಡವನಾಗಿ, ಮನೆ ನಿವೇಶನಗಳನ್ನು ಕೊಡಿಸುವ ಕಚೇರಿಯೊಂದರಲ್ಲಿ ದಲ್ಲಾಳಿಯಾದ ಮೇಲೆ, ಆ ಹೆಸರು ಅವನ ಮಾತಿಗೂ ಒಪ್ಪಿತು.

ಹಿರಿಯನದು ಬೇರೆ ಹಣೆಬರಹ. ಮನೆಗಳಿಗೆ ಸುಣ್ಣ ಬಣ್ಣ ಬಳಿಯುವುದು ಅವನ ಕಸುಬು. ಊರಿಗೆಲ್ಲ ಅವನು ಮೇಸ್ತ್ರಿ. ಮೀಸೆ ಮೂಡುವ ಮೊದಲೇ ತಮ್ಮನ ಓದಿಗಾಗಿ ಏಣಿ ಹತ್ತಿದವನು. ಒಂದು ದಿನ ಪೀಪಾಯಿಯಲ್ಲಿ ಕುದಿಯುತ್ತಿದ್ದ ಸುಣ್ಣ ಸಿಡಿದು ಎಡಗಣ್ಣು ಮುಚ್ಚಿತು. ತೆರೆದಾಗ ಅದರಲ್ಲಿ ಬಿಳುಪಲ್ಲದೆ ಬೇರೇನೂ ಉಳಿದಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಲೋಕ ಬಾಯಲ್ಲಿ ಆಡುತ್ತದೆ. ಆ ಮನೆಯವರು ಅದನ್ನು ವಾರಕ್ಕೊಮ್ಮೆ ಎದುರುಬದುರಿನ ಎರಡು ತಟ್ಟೆಗಳಲ್ಲಿ ನೋಡುತ್ತಿದ್ದರು.

ಮೇಸ್ತ್ರಿಯ ಹೆಂಡತಿ ಆ ಮನೆಗೆ ಸೊಸೆಯಾಗಿ ಬಂದಾಗ ಬೆಣ್ಣೆ ಇನ್ನೂ ಶಾಲೆಗೆ ಹೋಗುವ ಹುಡುಗ. ಅವನು ಅತ್ತಿಗೆ, ಅತ್ತಿಗೆ ಎಂದು ಹೊತ್ತುಹೊತ್ತಿಗೂ ಕೂಗಿ ಕೂಗಿ, ಕೊನೆಗೆ ಬೀದಿಗೆಲ್ಲ ಅವಳು ಅತ್ತಿಗೆಯಾದಳು. ಗಂಡನ ಕಣ್ಣು ಹೋದ ಮೇಲೆ ಗೋಡೆಯ ಮೇಲೆ ಗೆರೆ ಎಳೆಯುವ ಕೆಲಸ ಅವಳದಾಯಿತು. ಒಂದೇ ಕಣ್ಣಿನವನಿಗೆ ಅಂಚಿನ ಅಳತೆ ತಪ್ಪುತ್ತದೆ. ಬಣ್ಣದಲ್ಲಿ ಅದ್ದಿದ ನೂಲನ್ನು ಎರಡು ಮೊಳೆಗಳ ನಡುವೆ ಬಿಗಿದು, ಮಧ್ಯದಲ್ಲಿ ಒಮ್ಮೆ ಮಿಡಿದರೆ ಅತ್ತಿಗೆಯ ಗೆರೆ ಗೋಡೆಯ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಬಾಗದೆ ನಿಲ್ಲುತ್ತಿತ್ತು.

ಆ ಭಾನುವಾರ ಬೆಣ್ಣೆ ಊಟಕ್ಕೆ ಕುಳಿತವನೇ ಒಂದು ಅಪ್ಪಣೆ ಹೊರಡಿಸಿದ. ಹೊರಗೋಡೆಯನ್ನು ಯಾರೂ ತೊಳೆಯಬಾರದು, ಗುಡಿಸಬಾರದು, ಒರೆಸಬಾರದು. ಹೊಳೆಯ ನೆರೆನೀರು ಉಳಿಸಿಹೋದ ಆ ಕಂದು ಗೆರೆ ಇದ್ದಂತೆಯೇ ಇರಬೇಕು.

"ಆ ಕೊಳಕು ಗೆರೆ ಇಟ್ಕೊಂಡು ಏನು ಪೂಜೆ ಮಾಡ್ತೀಯಾ ಚಿಕ್ಕಪ್ಪ?" ಎಂದು ಮೇಸ್ತ್ರಿಯ ಮಗಳು ಕೇಳಿದಳು. ಹೊಲಿಗೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಆ ಹುಡುಗಿಯ ನಾಲಗೆಗೆ ಅಲ್ಲಿನ ಕತ್ತರಿಯ ಸಹವಾಸವಾಗಿತ್ತು.

"ಅದು ಕೊಳಕಲ್ಲ ಮಗೂ, ಲಕ್ಷ್ಮಿ," ಎಂದ ಬೆಣ್ಣೆ. ಬಾಯಲ್ಲಿ ಬೆಣ್ಣೆ ಕರಗುತ್ತಿದ್ದುದರಿಂದಲೋ ಏನೋ ಅವನಿಗೆ ಅಂದು ಮಾತು ಧಾರಾಳವಾಗಿ ಬಂತು. ಸರ್ಕಾರ ಹೊಸದೊಂದು ಕಾನೂನು ಮಾಡಿದೆ ಎಂದು ವಿವರಿಸಿದ. ನೆರೆ ಬಂದುಹೋದ ಬೀದಿಗಳಲ್ಲಿ ಹಳೆಯ ಮನೆಗಳನ್ನು ಕೊಂಡು ಹೊಸದಾಗಿ ಕಟ್ಟಿಸುವ ಹಣವಂತರು ಹತ್ತು ವರ್ಷ ಲಾಭದ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ನೊಂದ ಊರು ಬೇಗ ಎದ್ದು ನಿಲ್ಲಲಿ ಎಂಬುದು ಸರ್ಕಾರದ ಆಸೆ. ಗೋಡೆಯ ಮೇಲೆ ನೀರಿನ ಗೆರೆ ಕಿಟಕಿಯ ತಳಕ್ಕಿಂತ ಮೇಲಿದ್ದರೆ ಪೂರ್ತಿ ರಿಯಾಯಿತಿ, ಕೆಳಗಿದ್ದರೆ ಅರ್ಧ. ಮೇಲ್ಬೀದಿಯಲ್ಲಿ ಕೆಲವರು ಕಳ್ಳ ಫೋಟೋ ತೋರಿಸಿ ಸಿಕ್ಕಿಬಿದ್ದದ್ದರಿಂದ, ಈಗ ಅಧಿಕಾರಿಯೇ ಬಂದು ಕಣ್ಣಾರೆ ನೋಡಬೇಕೆಂದು ನಿಯಮವಾಗಿದೆ. ಈ ಸಾಲಿನ ಐದು ಮನೆಗಳಿಗೆ ತಿಂಗಳೊಳಗೆ ತಪಾಸಣೆ.

ಅತ್ತಿಗೆ ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸಿದಳು. ಆ ಐದು ಮನೆಗಳ ಮಾರಾಟದ ಕರಾರನ್ನು ಬೆಣ್ಣೆಯೇ ಮಾಡಿಸಿದ್ದ. ನೆರೆ ಇಳಿದ ಮೇಲೆ, ಅಂಗಳದ ಕೆಸರು ಒಣಗುವ ಮೊದಲೇ, ಮನೆಮನೆಗೂ ಹೋಗಿ ಇನ್ನು ಇಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡಲು ಸರ್ಕಾರ ಬಿಡುವುದಿಲ್ಲ, ಈ ಬೀದಿ ಮುಗಿಯಿತು, ತನ್ನ ಕಚೇರಿಗೆ ಬರುವ ದೊಡ್ಡ ಸಂಸ್ಥೆಯೊಂದು ಕನಿಕರಪಟ್ಟು ಕೊಳ್ಳಲು ಒಪ್ಪಿದೆ ಎಂದು ಎಲ್ಲರ ಎದುರೂ ಕಣ್ಣು ಒದ್ದೆ ಮಾಡಿಕೊಂಡಿದ್ದ. ಬೀದಿಯವರು ಮಣ್ಣಿನ ಬೆಲೆಗೆ ಒಪ್ಪಿ, ಅಷ್ಟಿಷ್ಟು ಮುಂಗಡ ಪಡೆದಿದ್ದರು. ಅತ್ತೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ್ದರು.

"ಈ ಕಾನೂನು ಬರೋದು ನಿನಗೆ ಆಗಲೇ ಗೊತ್ತಿತ್ತಾ?" ಎಂದು ಅತ್ತಿಗೆ ಕೇಳಿದಳು.

"ಗೊತ್ತಿರದೆ ವ್ಯವಹಾರಕ್ಕೆ ಕೈ ಹಾಕ್ತಾರಾ ಅತ್ತಿಗೆ? ಐದು ಮನೆಯ ಮುಂಗಡಕ್ಕೂ ಸಂಸ್ಥೆಗೆ ಜಾಮೀನು ನಿಂತಿರೋನು ನಾನು. ರಿಯಾಯಿತಿ ಸಿಕ್ಕಿದ ದಿನ ನನಗೂ ಅದರಲ್ಲಿ ಒಂದು ಪಾಲು. ಸಿಗದಿದ್ರೆ ಕರಾರೇ ರದ್ದು, ಮುಂಗಡ ನನ್ನ ತಲೆ ಮೇಲೆ. ಅದಕ್ಕೇ ಹೇಳಿದ್ದು, ಗೋಡೆ ಮುಟ್ಟಬೇಡಿ ಅಂತ."

"ಉರಿಯೋ ಮನೇಲಿ ಗಳ ಹಿರಿಯೋದು ಅಂತಾರಲ್ಲ," ಎಂದಳು ಮಗಳು. "ನಮ್ಮದು ಮುಳುಗೋ ಮನೆ, ಅಷ್ಟೇ ವ್ಯತ್ಯಾಸ."

ಅತ್ತೆ ಮೊಮ್ಮಗಳನ್ನು ಗದರಿದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದನ್ನು ಯಾರು ಕಲಿಸಿದರು ಎಂದು ಸೊಸೆಯ ಕಡೆ ನೋಡಿದರು. ಮೇಸ್ತ್ರಿ ಎಂದಿನಂತೆ ತಟ್ಟೆಯ ಮೇಲೆ ಬಾಗಿ ಉಂಡ. ಬೆಣ್ಣೆ ಎರಡನೆಯ ರೊಟ್ಟಿ ಬೇಡಿದ.

ಆ ಗೆರೆಗೆ ಒಂದು ಬೆಲೆ ಇದೆಯೆಂದು ಬೆಣ್ಣೆಗೆ ಗೊತ್ತಿತ್ತು. ಇನ್ನೊಂದು ಬೆಲೆ ಅತ್ತಿಗೆಗೆ ಗೊತ್ತಿತ್ತು.

ಹೊಳೆ ದಂಡೆ ಮೀರಿ ಕೆಳಬೀದಿಗೆ ನುಗ್ಗಿದ ದಿನ ಮಾವ ಹಾಸಿಗೆ ಹಿಡಿದಿದ್ದರು. ಕಚೇರಿಯ ವ್ಯಾನು ತಂದು ಅಪ್ಪನನ್ನು ಮಂಚದ ಸಮೇತ ಸಾಗಿಸುತ್ತೇನೆಂದು ಬೆಣ್ಣೆ ಬೆಳಿಗ್ಗೆಯೇ ಹೇಳಿಕಳಿಸಿದ್ದ. ಆ ಮಾತನ್ನು ನಂಬಿ ಮೇಸ್ತ್ರಿ ಬೇರೆ ಗಾಡಿ ಹುಡುಕಲಿಲ್ಲ. ಹೊತ್ತು ಏರಿತು, ನೀರು ಹೊಸಿಲು ಏರಿತು, ವ್ಯಾನು ಬರಲಿಲ್ಲ. ಅದು ಕಚೇರಿಯ ಮೇಜು ಕುರ್ಚಿಗಳನ್ನು ಎತ್ತರದ ಬಡಾವಣೆಗೆ ಸಾಗಿಸುತ್ತಿತ್ತೆಂಬುದು ಆಮೇಲೆ ತಿಳಿಯಿತು. ಅತ್ತೆಯನ್ನೂ ಮಗಳನ್ನೂ ತಾರಸಿಗೆ ಹತ್ತಿಸಿ, ಗಂಡಹೆಂಡತಿ ಮಂಚ ಎತ್ತಲೆಂದು ಮರಳಿ ಇಳಿಯುವಷ್ಟರಲ್ಲಿ ಮಂಚದ ಮೇಲೆ ನೀರಿತ್ತು, ಮಾವನಲ್ಲಿ ಉಸಿರಿರಲಿಲ್ಲ.

ನೀರಿಳಿದ ಮೇಲೆ ಬೆಣ್ಣೆ ಬಂದ. ಅಪ್ಪನ ಕಾಲ ಬಳಿ ಕುಳಿತು ಅತ್ತ. ಅತ್ತದ್ದು ಸುಳ್ಳೆಂದು ಅತ್ತಿಗೆ ಎಂದೂ ಹೇಳಲಾರಳು. ಆದರೆ ಪುರಸಭೆಯ ಗುಮಾಸ್ತ ಸತ್ತವರ ವಿವರ ಬರೆದುಕೊಳ್ಳಲು ಬಾಗಿಲಿಗೆ ಬಂದಾಗ ಅವನು ಕಣ್ಣೊರೆಸಿಕೊಂಡು ತಾಯಿಯನ್ನು ಪಕ್ಕಕ್ಕೆ ಕರೆದ. ನೀರಿನಲ್ಲಿ ಹೋದರು ಎಂದರೆ ವಿಚಾರಣೆ ಬರುತ್ತದೆ, ವ್ಯಾನು ಎಲ್ಲಿಗೆ ಹೋಗಿತ್ತೆಂದು ಕೇಳುತ್ತಾರೆ, ನನ್ನ ಕೆಲಸ ಹೋಗುತ್ತದೆ, ಕಾಯಿಲೆ ಎಂದುಬಿಡಮ್ಮ ಎಂದು ಪಿಸುಗುಟ್ಟಿದ. ಅತ್ತೆ ಒಂದು ಗಳಿಗೆ ಗೋಡೆಯನ್ನು ನೋಡಿದರು. ಆಮೇಲೆ ಗುಮಾಸ್ತನಿಗೆ, ನಮ್ಮ ಯಜಮಾನರು ಕಾಯಿಲೆಯಲ್ಲಿ ಹೋದರು ಎಂದು ಬರೆಸಿದರು. ಆ ಎರಡು ಮಾತನ್ನೂ ಅತ್ತಿಗೆ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು.

ಮಾವನ ಕೋಣೆಯ ಗೋಡೆಯ ಮೇಲೂ ಆ ಗೆರೆ ಇತ್ತು. ಉಳಿದ ಕೋಣೆಗಳಿಗೆಲ್ಲ ಮೇಸ್ತ್ರಿ ಸುಣ್ಣ ಬಳಿದು ಮುಗಿಸಿದ್ದರೂ ಆ ಒಂದು ಗೋಡೆಯನ್ನು ಅತ್ತೆ ಮುಟ್ಟಗೊಟ್ಟಿರಲಿಲ್ಲ. ದಿನವೂ ಬೆಳಿಗ್ಗೆ ಅಲ್ಲಿನ ನೆಲ ಒರೆಸಿ, ಕಿಟಕಿ ಒರೆಸಿ, ಖಾಲಿ ಮಂಚ ಒರೆಸಿ, ಗೆರೆಯನ್ನು ಮಾತ್ರ ಬಿಟ್ಟು ಹೊರಬರುತ್ತಿದ್ದರು. ಸೊಸೆಯಾಗಲಿ ಮಗನಾಗಲಿ ಏಕೆಂದು ಕೇಳಿರಲಿಲ್ಲ.

ಆ ಭಾನುವಾರದ ಮಾರನೆಯ ದಿನ ಒಬ್ಬ ವಕೀಲರ ಮನೆಯಲ್ಲಿ ಕೆಲಸವಿತ್ತು. ಮೇಸ್ತ್ರಿ ಏಣಿಯ ಮೇಲೆ, ಅತ್ತಿಗೆ ಕೆಳಗೆ ಸುಣ್ಣ ಸೋಸುತ್ತಿದ್ದಳು.

"ನಿಮಗೆ ಸಿಟ್ಟು ಬರಲ್ವಾ?" ಎಂದು ಅತ್ತಿಗೆ ಕೇಳಿದಳು.

"ಬರುತ್ತೆ. ಬಂದು ಎಲ್ಲಿಗೆ ಹೋಗಬೇಕು? ಅಮ್ಮನ ಮನೆ, ಅಮ್ಮನ ಸಹಿ, ಅಮ್ಮನ ಮಗ."

"ನೀವೂ ಅಮ್ಮನ ಮಗನೇ ಅಲ್ವಾ?"

ಮೇಸ್ತ್ರಿ ಕುಂಚವನ್ನು ಬಕೆಟ್ಟಿಗೆ ಅದ್ದಿ, ಹೆಚ್ಚಾದ ಸುಣ್ಣವನ್ನು ಅಂಚಿಗೆ ಸವರಿ ಇಳಿಸಿದ. "ನಾನು ಸುಣ್ಣದ ಪಾಲಿನವನು ಕಣೇ," ಎಂದು ನಕ್ಕ. ನಗೆಯಲ್ಲಿ ನೋವಿರಲಿಲ್ಲ, ಅದನ್ನು ಕಂಡೇ ಅತ್ತಿಗೆಗೆ ಮೈಯೆಲ್ಲ ಉರಿಯಿತು. ತನ್ನ ಪಾಲಿನ ಸಿಟ್ಟನ್ನೂ ಆಡದ ಗಂಡಸಿನ ಹೆಂಡತಿಗೆ ಎರಡು ಪಾಲು ಸಿಟ್ಟು ಹೊರಬೇಕಾಗುತ್ತದೆ.

ಸಂಜೆ ಹಿಂದಿರುಗುವಾಗ ಸಾಲಿನ ಮೊದಲ ಮನೆಯ ಕ್ಷೌರಿಕ ತನ್ನ ಕಟ್ಟೆಯ ಮೇಲೆ ಕತ್ತಿ ಮಸೆಯುತ್ತಿದ್ದ. ಅತ್ತಿಗೆ ತೆರಿಗೆಯ ಸುದ್ದಿಯನ್ನು ಅವನಿಗೆ ಇದ್ದದ್ದು ಇದ್ದಂತೆ ಹೇಳಿದಳು. ಬೀದಿ ಅಲ್ಲಿಂದ ಹೊಳೆಯ ಕಡೆಗೆ ಇಳಿಜಾರಾಗಿತ್ತು; ಐದು ಮನೆಗಳು ಒಂದರ ಕೆಳಗೊಂದು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು; ಅತ್ತಿಗೆಯ ಮನೆ ಎಲ್ಲಕ್ಕೂ ಕೆಳಗಿನದು. ಎದುರಿಗಿದ್ದ ಮರದ ಅಡ್ಡೆಯನ್ನು ನೆರೆ ಬೇರುಸಹಿತ ಒಯ್ದು ಅಲ್ಲೀಗ ಬರಿಯ ಬಯಲಿತ್ತು. ಕ್ಷೌರಿಕ ಕೇಳಿ ಮುಗಿಸಿ, ಹಾಗಾದರೆ ನಮ್ಮ ತಲೆಯನ್ನು ನಮಗಿಂತ ಚೆನ್ನಾಗಿ ಬೋಳಿಸುವವನು ಇದೇ ಸಾಲಿನಲ್ಲಿ ಹುಟ್ಟಿದ ಎಂದ. ಆಮೇಲೆ ಕತ್ತಿಯನ್ನು ಮಡಿಚಿ, "ನೀನೇನಾದ್ರೂ ಮಾಡೋದಿದ್ರೆ, ನೀರು ಸೇದಿಕೊಡೋಕೆ ನಾನಿದ್ದೀನಿ ಅತ್ತಿಗೆ," ಎಂದು ಸೇರಿಸಿದ.

ಮರುವಾರದ ಊಟಕ್ಕೆ ಬೆಣ್ಣೆ ಹೊಸ ಅಂಗಿ ತೊಟ್ಟು ಬಂದ. ಮನೆ ಬಿಡುವ ದಿನ ಹತ್ತಿರವಾಯಿತೆಂದು ಅತ್ತೆ ತಮ್ಮ ಬಟ್ಟೆಗಳ ಗಂಟು ಕಟ್ಟಿ ಮೂಲೆಗಿಟ್ಟಿದ್ದರು. ಸಹಿ ಹಾಕಿಸಿಕೊಳ್ಳುವಾಗ ಮಗ, ತನ್ನ ಮನೆಯ ಮಹಡಿಯ ಕೋಣೆ ಅಮ್ಮನಿಗೇ ಎಂದು ಮಾತು ಕೊಟ್ಟಿದ್ದ. ಬೆಳಕಿನ ಕೋಣೆ, ಎರಡು ಕಿಟಕಿ ಎಂದು ಅತ್ತೆ ಆ ಕೋಣೆಯನ್ನು ಕಾಣದೆಯೇ ಬೀದಿಗೆಲ್ಲ ವರ್ಣಿಸಿದ್ದರು. ಈಗ ರೊಟ್ಟಿಗೆ ಬೆಣ್ಣೆ ಸವರುತ್ತ, ಮಂಚವನ್ನು ಯಾವ ಕಿಟಕಿಯ ಕಡೆಗೆ ಹಾಕಿಸುತ್ತೀಯಪ್ಪ ಎಂದು ಕೇಳಿದರು.

ಬೆಣ್ಣೆ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದ. ಆ ಕೋಣೆಯನ್ನು ಕಚೇರಿಯ ಕೆಲಸಕ್ಕೆ ಮಾಡಿಕೊಂಡಾಗಿದೆ ಎಂದ. ಹೆಂಡತಿಗೂ ಮೆಟ್ಟಿಲು ಹತ್ತಿ ಇಳಿದು ಸೇವೆ ಮಾಡುವುದು ಕಷ್ಟವಂತೆ. "ಸದ್ಯಕ್ಕೆ ಅಣ್ಣನ ಜೊತೆ ಎಲ್ಲಾದರೂ ಬಾಡಿಗೆಗೆ ಇರಮ್ಮ. ಅಣ್ಣನಿಗೂ ನೀನು ಅಂದ್ರೆ ಅಭ್ಯಾಸ."

"ಸದ್ಯಕ್ಕೆ ಅಂದ್ರೆ ಎಷ್ಟು ದಿನ?"

"ನೋಡೋಣಮ್ಮ. ನಾನೇನು ಓಡಿಹೋಗ್ತೀನಾ?"

ಅತ್ತೆ ಬೆಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ, ಅಂಗೈಯಿಂದ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಒತ್ತಿದರು. ಮಗ ಹೋದ ಮೇಲೆ ಬಟ್ಟೆಯ ಗಂಟನ್ನು ಬಿಚ್ಚಿ ಒಂದೊಂದೇ ಸೀರೆಯನ್ನು ಹಗ್ಗದ ಮೇಲೆ ಮರಳಿ ಹಾಕಿದರು. ಮಗಳು ನೆರವಿಗೆ ಹೋದರೆ, ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ ಎಂದು ಅಟ್ಟಿದರು.

ಎರಡು ದಿನ ಕಳೆದು ಬೆಳಿಗ್ಗೆ, ಮೇಸ್ತ್ರಿ ವಕೀಲರ ಮನೆಗೆ ಹೊರಟ ಮೇಲೆ, ಅತ್ತಿಗೆ ಹಿತ್ತಲಲ್ಲಿ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಳು. ಪೀಪಾಯಿ ಕೊತಕೊತ ಕುದಿಯುವ ಸದ್ದಿಗೆ ಅತ್ತೆ ಹೊರಗೆ ಬಂದರು.

"ಹೊರಗೋಡೆ ಬಳಿಯೋಣ ಅಂತಿದ್ದೀನಿ ಅತ್ತೆ," ಎಂದಳು ಅತ್ತಿಗೆ. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದಳು.

ಅತ್ತೆ ಕುದಿಯುವ ಸುಣ್ಣವನ್ನು ಬಹಳ ಹೊತ್ತು ನೋಡಿದರು. "ನನ್ನನ್ನೇನು ಕೇಳ್ತೀ? ಕುಂಚ ನಿನ್ನ ಕೈಲಿದೆ," ಎಂದರು. ಒಳಗೆ ಹೋಗುವ ಮುನ್ನ ತಿರುಗಿ, "ಕಣ್ಣು ಜೋಪಾನ," ಎಂದರು. ಆ ಮನೆಗೆ ಬಂದು ಅಷ್ಟು ವರ್ಷವಾಗಿದ್ದರೂ ಅತ್ತೆಯ ಬಾಯಿಂದ ಅಂಥ ಮಾತನ್ನು ಅತ್ತಿಗೆ ಕೇಳಿದ್ದು ಅದೇ ಮೊದಲು.

ಕ್ಷೌರಿಕ ನೀರು ಸೇದಿದ. ಅವನ ಹೆಂಡತಿ ಸೋಸುವ ಬಟ್ಟೆ ಹಿಡಿದಳು. ಮಧ್ಯದ ಮೂರು ಮನೆಗಳ ಹೆಂಗಸರು ಏಣಿ, ಬಕೆಟ್ಟು, ಹಳೆಯ ಕುಂಚಗಳನ್ನು ತಂದರು. ಏನು, ಏಕೆ ಎಂದು ಯಾರೂ ಕೇಳಲಿಲ್ಲ. ಕ್ಷೌರಿಕನ ಕಟ್ಟೆಯ ಮೇಲೆ ಆಡಿದ ಮಾತು ಮನೆಮನೆಯ ಒಲೆಯವರೆಗೂ ಆಗಲೇ ತಲುಪಿತ್ತು. ಸಂಜೆಯ ಹೊತ್ತಿಗೆ ಐದು ಮನೆಗಳು ಹಲ್ಲುಜ್ಜಿಸಿಕೊಂಡ ಮಕ್ಕಳಂತೆ ಬೆಳ್ಳಗೆ ನಿಂತಿದ್ದವು. ಕೆಲಸದಿಂದ ಬಂದ ಮೇಸ್ತ್ರಿ ಬೀದಿಯ ತಲೆಯಲ್ಲೇ ನಿಂತು ಒಂದೇ ಕಣ್ಣಿನಿಂದ ಎಲ್ಲವನ್ನೂ ನೋಡಿ, ಒಂದು ಕೋಟು ಸಾಲದು, ಇನ್ನೊಂದು ಬೇಕು ಎಂದಷ್ಟೇ ಹೇಳಿದ. ಮಾರನೆಯ ದಿನ ಎರಡನೆಯ ಕೋಟನ್ನು ತಾನೇ ಬಳಿದ.

ಬೆಣ್ಣೆಗೆ ಸುದ್ದಿ ಮುಟ್ಟಿದ್ದು ತಪಾಸಣೆಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ. ಅವನು ಊಟದ ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವುದು ಅಪರೂಪ. ಮನೆಯೆಂದರೆ ಮನೆ, ಬೀದಿಯೆಂದರೆ ಬೀದಿ ಎಂಬ ಭೇದವಿಲ್ಲದೆ ಕೂಗಾಡಿದ. ಇದು ಅತ್ತಿಗೆಯ ಹೊಟ್ಟೆಯುರಿ ಎಂದ, ಅಣ್ಣನ ಕುಮ್ಮಕ್ಕು ಎಂದ. ಸುಣ್ಣವನ್ನು ಕೆರೆದು ತೆಗೆಯಿರಿ ಎಂದಾಗ ಮೇಸ್ತ್ರಿ, ಕೆರೆದರೆ ನೆನೆದ ಗಾರೆಯೇ ಉದುರುತ್ತದೆ, ಗೆರೆ ಎಲ್ಲಿ ಉಳಿಯುತ್ತದೆ ಎಂದ. ಕೂಗಿ ದಣಿದ ಮೇಲೆ ಬೆಣ್ಣೆಗೆ ತನ್ನ ಎಂದಿನ ದನಿ ನೆನಪಾಯಿತು.

"ಆಗಿದ್ದು ಆಯ್ತು. ಗೆರೆ ಮತ್ತೆ ಎಳೆದುಬಿಡಣ್ಣ. ಇದ್ದ ಗೆರೆಯನ್ನೇ ತಾನೇ ಎಳೆಯೋದು? ಸುಳ್ಳೇನಿಲ್ಲ ಇದರಲ್ಲಿ."

"ನೀರು ಎಳೆದ ಗೆರೆ ನಾನು ಎಳೆಯಲ್ಲ," ಎಂದ ಮೇಸ್ತ್ರಿ. ತಮ್ಮನಿಗೆ ಅವನು ಇಲ್ಲವೆಂದದ್ದು ಅದೊಂದೇ ಸಲ.

"ನಾನು ಎಳೀತೀನಿ," ಎಂದಳು ಅತ್ತಿಗೆ.

ಮಗಳು ಅಮ್ಮನ ಮುಖ ನೋಡಿದಳು. ಬೆಣ್ಣೆಯೂ ನೋಡಿದ, ನೋಡಿ, ತನ್ನ ಕೂಗಾಟಕ್ಕೆ ಅವಳು ಹೆದರಿದಳೆಂದು ತಿಳಿದು ಸಮಾಧಾನಗೊಂಡ. ಅತ್ತಿಗೆ ಹೊಳೆದಂಡೆಯ ಜೇಡಿಮಣ್ಣಿಗೆ ಚಹಾದ ಗಷ್ಟು ಬೆರೆಸಿ ನೂಲನ್ನು ಅದ್ದಿಟ್ಟಳು. ಆಮೇಲೆ ಮಗಳು, ಗಂಡ, ಕ್ಷೌರಿಕ, ಬಾಗಿಲಲ್ಲಿ ನಿಂತ ಅತ್ತೆ, ಎಲ್ಲರೂ ಕೇಳುವಂತೆ ಮೈದುನನನ್ನು ಕೇಳಿದಳು.

"ಎಷ್ಟು ಎತ್ತರಕ್ಕೆ ಎಳೀಬೇಕು ಹೇಳಪ್ಪ."

"ಇಲ್ಲಿ ಕುತ್ತಿಗೆಮಟ್ಟಕ್ಕೆ ಇತ್ತಲ್ಲ, ಹಾಗೇ."

"ಇಲ್ಲಿ ಸರಿ. ಮೇಲಿನ ಮನೆಗಳಲ್ಲಿ ಅಷ್ಟು ಬಂದಿರಲಿಲ್ಲ. ಕ್ಷೌರಿಕಣ್ಣನ ಮನೇಲಿ ಮೊಣಕಾಲಿಗಷ್ಟೇ."

ಬೆಣ್ಣೆಯ ಕಣ್ಣಲ್ಲಿ ಲೆಕ್ಕ ಓಡಿತು. ಕಿಟಕಿಯ ತಳಕ್ಕಿಂತ ಮೇಲಿದ್ದರೆ ಪೂರ್ತಿ, ಕೆಳಗಿದ್ದರೆ ಅರ್ಧ. "ಮೊಣಕಾಲು ಗಿಣಕಾಲು ಬೇಡ. ಹೇಗೂ ಎಳೀತಾ ಇದ್ದೀಯ, ಐದಕ್ಕೂ ಕುತ್ತಿಗೆಮಟ್ಟಕ್ಕೇ ಎಳಿ. ಆಯಾ ಮನೆ ನೆಲದಿಂದ ಅಳೆದುಕೊಂಡು, ಎಲ್ಲ ಒಂದೇ ಸಮ. ಒಂದು ಮನೆಗೆ ಹೆಚ್ಚು, ಒಂದು ಮನೆಗೆ ಕಡಿಮೆ ಅಂದ್ರೆ ಅನುಮಾನ ಬರುತ್ತೆ."

"ನೋಡು, ಆ ದಿನ ನೀನು ಇಲ್ಲಿ ಇರಲಿಲ್ಲ," ಎಂದಳು ಅತ್ತಿಗೆ. "ನೀರು ನಿಂತದ್ದು ನೀನು ನೋಡಿಲ್ಲ."

"ನೀರು ನೋಡೋಕೇನಿದೆ ಅತ್ತಿಗೆ? ಹೇಳಿದಷ್ಟು ಮಾಡು."

"ನೀನು ಹೇಳಿದಷ್ಟೇ ಮಾಡ್ತೀನಿ," ಎಂದು ಅತ್ತಿಗೆ ನೂಲನ್ನು ಬಿಗಿದಳು.

ಬೆಣ್ಣೆಯೇ ಕೋಲು ಹಿಡಿದು ಪ್ರತಿ ಮನೆಯ ನೆಲದಿಂದ ಕುತ್ತಿಗೆಯೆತ್ತರ ಅಳೆದು ಗುರುತು ಹಾಕಿದ. ಅತ್ತಿಗೆ ಗುರುತಿನ ಮೇಲೆ ನೂಲು ಮಿಡಿದಳು. ಗೆರೆಯನ್ನು ಸ್ಪಂಜಿನಿಂದ ತಟ್ಟಿ ತಟ್ಟಿ ಹಳತಾಗಿಸಿದಳು. ಗೋಡೆಗೆ ಮೂಗು ತಾಗಿಸಿ ನೋಡಿದರೂ ಕುಂದು ಹುಡುಕಲಾಗದಂಥ ಕೆಲಸ. ಮೇಸ್ತ್ರಿ ಸ್ವಲ್ಪ ದೂರ ಹೋಗಿ ಬಯಲಿನಲ್ಲಿ ನಿಂತು ಐದು ಗೋಡೆಗಳನ್ನೂ ಒಟ್ಟಿಗೆ ನೋಡಿದ. ಅವನ ಮುಖದಲ್ಲಿ ಏನೋ ಅಲುಗಿತು. ಬಾಯಿ ತೆರೆದ, ಹೆಂಡತಿ ತನ್ನತ್ತಲೇ ನೋಡುತ್ತಿರುವುದನ್ನು ಕಂಡು, ಅದನ್ನು ಆಕಳಿಕೆಯಾಗಿಸಿ ಮುಚ್ಚಿದ. ಬೆಣ್ಣೆ ಮಾತ್ರ ಗೋಡೆಯಿಂದ ಗೋಡೆಗೆ ಹತ್ತಿರದಲ್ಲೇ ನಡೆದು, ಭೇಷ್ ಅತ್ತಿಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ ಎಂದು ಹೊಗಳಿ ಹೋದ.

ತೆರಿಗೆ ಇಲಾಖೆಯಿಂದ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು, ಮಿತಭಾಷಿ. ಬೆಣ್ಣೆ ಕೊಡೆ ಹಿಡಿಯಲು ಹೋದರೆ ಬೇಡವೆಂದಳು, ಕುರ್ಚಿ ತರಿಸಿದರೆ ಕೂರಲಿಲ್ಲ. ಕೆಳಗಿನ ಮನೆಯ ಗೆರೆಯನ್ನು ಹತ್ತಿರದಿಂದ ನೋಡಿ ತಲೆದೂಗಿದಳು. ಎರಡನೆಯದನ್ನು ನೋಡಿದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವಳ ನಡಿಗೆ ನಿಧಾನವಾಯಿತು. ಅಲ್ಲಿಂದ ಗೋಡೆಗಳನ್ನು ಬಿಟ್ಟು ಬಯಲಿಗೆ ಇಳಿದು, ಹಿಂದೆ ಹಿಂದೆ ಸರಿದು, ಮೇಸ್ತ್ರಿ ಅಂದು ನಿಂತಿದ್ದಲ್ಲೇ ಹೋಗಿ ನಿಂತಳು. ಐದು ಮನೆಗಳ ಮೇಲೆ ಐದು ಗೆರೆ, ಬೀದಿಯ ಇಳಿಜಾರಿನೊಡನೆ ಒಂದರ ಕೆಳಗೊಂದು, ತಾರಸಿಯಿಂದ ಅಂಗಳಕ್ಕೆ ಹಾಕಿದ ಪಾವಟಿಗೆಗಳಂತೆ ಅಚ್ಚುಕಟ್ಟಾಗಿ ಇಳಿದಿದ್ದವು.

"ಏನ್ರೀ ಇದು?" ಎಂದಳು ಅಧಿಕಾರಿ. "ನಿಮ್ಮ ಊರಲ್ಲಿ ನೀರು ಮೆಟ್ಟಿಲು ಇಳಿದುಕೊಂಡು ಬರುತ್ತಾ?"

ಬೆಣ್ಣೆ ನಗುತ್ತಲೇ ಅವಳ ಪಕ್ಕಕ್ಕೆ ಹೋಗಿ ನಿಂತು ನೋಡಿದ. ನಗು ಮುಖದ ಮೇಲೇ ಒಣಗಿತು. ನಿಂತ ನೀರು ಬೀದಿಯ ಇಳಿಜಾರನ್ನು ಕೇಳುವುದಿಲ್ಲ. ತನ್ನ ಮಟ್ಟವನ್ನು ತಾನು ಹಿಡಿಯುತ್ತದೆ. ಆ ದಿನ ತಾರಸಿಯ ಮೇಲೆ ನಿಂತು ಅದನ್ನು ನೋಡಿದ ಯಾವ ಮಗುವಿಗೂ ಅದು ಗೊತ್ತಿತ್ತು. ಅವನು ನೋಡಿರಲಿಲ್ಲ.

ಅವನು ತಡವರಿಸಿದ. ನೆರೆ ಬಂದದ್ದು ನಿಜ, ಗೆರೆ ಇದ್ದದ್ದು ನಿಜ, ಯಾರೋ ತಿಳಿಯದೆ ಸುಣ್ಣ ಬಳಿದರು, ಅದಕ್ಕೆ ಮತ್ತೆ ಬರೆಸಬೇಕಾಯಿತು ಎಂದ. ಹೇಳಿದಷ್ಟೂ ಹೂತುಹೋದ. ಅಧಿಕಾರಿ ಕ್ಷೌರಿಕನ ಕಡೆ ತಿರುಗಿದಾಗ ಅವನು ಕೈಕಟ್ಟಿ, ನಾವು ಬಡವರು, ಇದೆಲ್ಲ ಇವರೇ ನಿಂತು ಅಳೆದು ಮಾಡಿಸಿದ್ದು, ಬೀದಿಯವರೆಲ್ಲ ನೋಡಿದ್ದೇವೆ ಎಂದ. ಅದರಲ್ಲಿ ಸುಳ್ಳಿನ ಚೂರೂ ಇರಲಿಲ್ಲ.

ಆಗ ಬೆಣ್ಣೆಗೆ ಒಳಕೋಣೆ ನೆನಪಾಯಿತು. "ಮೇಡಂ, ಒಳಗೆ ಬನ್ನಿ. ನಮ್ಮ ಅಪ್ಪನ ಕೋಣೇಲಿ ಅಸಲಿ ಗೆರೆ ಹಾಗೇ ಇದೆ. ಅದನ್ನ ಯಾರೂ ಮುಟ್ಟಿಲ್ಲ. ಅಮ್ಮ, ಬಾಗಿಲು ಬಿಡು, ತೋರಿಸಮ್ಮ."

ಹೊರಗಿನ ಐದು ಗೋಡೆ ಅತ್ತಿಗೆಯ ಕೈಯಲ್ಲಿದ್ದವು. ಆ ಒಂದು ಗೋಡೆ ಅತ್ತೆಯದು. ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಬೆಣ್ಣೆ ಗೆದ್ದ, ಕರಾರು ನಿಂತಿತು, ಮನೆ ಹೋಯಿತು. ಇಷ್ಟು ವರ್ಷ ಅವನಿಗಾಗಿ ಸರಿಯದ ದಿನವೇ ಇರಲಿಲ್ಲ.

"ಹೌದಾ ತಾಯಿ?" ಎಂದು ಅಧಿಕಾರಿ ಕೇಳಿದಳು. "ನಿಮ್ಮ ಮನೆಯೊಳಗೆ ನೀರು ಬಂದಿತ್ತಾ?"

ಅತ್ತೆ ಮಗನನ್ನು ನೋಡಿದರು. ಹೊಸ ಅಂಗಿ, ಬೆವರಿದ ಹಣೆ, ಬಾಲ್ಯದಲ್ಲಿ ಬೆಣ್ಣೆ ಮೆತ್ತಿಕೊಳ್ಳುತ್ತಿದ್ದ ಅದೇ ತುಟಿ.

"ಇಲ್ಲ," ಎಂದರು.

"ಅಮ್ಮ," ಎಂದ ಬೆಣ್ಣೆ.

"ನಮ್ಮ ಮನೆಗೆ ನೀರೇ ಬಂದಿಲ್ಲ. ನಮ್ಮ ಯಜಮಾನರು ಹೋದದ್ದೂ ನೀರಲ್ಲಲ್ಲ, ಕಾಯಿಲೆಯಲ್ಲಿ. ಬೇಕಾದ್ರೆ ಪುರಸಭೇಲಿ ಕೇಳಿ, ಹಾಗೇ ಬರೆದಿದೆ." ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಬರೆಸಿದ್ದು ಈ ನನ್ನ ಮಗನೇ."

ಅಧಿಕಾರಿ ಆ ಮುದುಕಿಯ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಅಲ್ಲಿ ಏನು ಕಂಡಳೋ, ಬಾಗಿಲು ದಾಟಲು ಹೋಗಲಿಲ್ಲ. ಬೆಣ್ಣೆಯ ಹೆಸರು, ಕಚೇರಿಯ ಹೆಸರು ಬರೆದುಕೊಂಡು, ಕಳ್ಳ ಗೆರೆಗೆ ಏನು ಶಿಕ್ಷೆಯೆಂಬುದನ್ನು ನಿಮ್ಮ ಸಂಸ್ಥೆಗೆ ತಿಳಿಸುತ್ತೇವೆ ಎಂದು ಹೇಳಿ ಹೊರಟುಹೋದಳು. ಬೆಣ್ಣೆ ಅವಳ ಗಾಡಿಯ ಹಿಂದೆ ಬೀದಿಯ ತಲೆಯವರೆಗೂ ಓಡಿದ. ಹೊಸ ಅಂಗಿಯ ಬೆನ್ನಿಗೆ ಗೋಡೆಗೆ ಒರಗಿದಾಗ ಹತ್ತಿದ ಜೇಡಿಯ ಕಂದು ಗೆರೆಯೊಂದು ಅಡ್ಡಲಾಗಿ ಅಂಟಿಕೊಂಡಿತ್ತು.

ಅದಾದ ಮೇಲೆ ಆಗಬೇಕಾದದ್ದೆಲ್ಲ ಆಯಿತು. ಸಂಸ್ಥೆ ಕರಾರು ರದ್ದು ಮಾಡಿತು. ಕೊಟ್ಟ ಮುಂಗಡಕ್ಕೆ ಜಾಮೀನುದಾರನ ಕತ್ತು ಹಿಡಿಯಿತು. ಕಚೇರಿ ಬೆಣ್ಣೆಯನ್ನು ಮನೆಗೆ ಕಳಿಸಿತು. ಬೆಳಕಿನ ಕೋಣೆಯ ಎರಡು ಕಿಟಕಿಗಳ ಮನೆಯನ್ನು ಅವನು ಮಾರಾಟಕ್ಕಿಟ್ಟನೆಂದು ಸುದ್ದಿ ಬಂತು. ಇತ್ತ ಐದು ಮನೆಗಳು ಯಜಮಾನರಲ್ಲೇ ಉಳಿದವು. ಆದರೆ ಸರ್ಕಾರದ ದಾಖಲೆಯಲ್ಲಿ ಆ ಸಾಲು ನೆರೆ ತಾಕದ ಸಾಲಾಯಿತು. ನೆರೆಗೆ ಸಿಕ್ಕವರಿಗೆ ಬಿಟ್ಟಿದ್ದ ಮನೆಕಂದಾಯವನ್ನು ಅವರು ಮಾತ್ರ ಕಟ್ಟಬೇಕಾಯಿತು. ನೀರೇ ಬಂದಿಲ್ಲವೆಂದರೆ ನನ್ನ ಕ್ಷೌರದ ಕುರ್ಚಿ ಮೀನು ಹಿಡಿಯಲು ತಾನಾಗಿ ಹೊಳೆಗೆ ಹೋಯಿತೇ ಎಂದು ಕ್ಷೌರಿಕ ಬಂದವರಿಗೆಲ್ಲ ಕೇಳುತ್ತಿದ್ದ. ಅತ್ತಿಗೆ ಕಂದಾಯ ಕಟ್ಟಿ ಬಂದ ದಿನ, ಸೇಡಿಗೂ ತೆರಿಗೆ ಇದೆ ಎಂದು ಗಂಡನಿಗೆ ಹೇಳಿದಳು. ದುಬಾರಿಯಾಯಿತೇ ಎಂದು ಮೇಸ್ತ್ರಿ ಕೇಳಿದ. ಇಲ್ಲ ಎಂದಳು.

ಹಲವು ವಾರ ಕಳೆದು ಒಂದು ಭಾನುವಾರ, ಊಟಕ್ಕೆ ಬರುತ್ತೇನೆಂದು ಬೆಣ್ಣೆ ಹೇಳಿಕಳಿಸಿದ. ಸಾಲ ಕೇಳಲು ಬರುತ್ತಾನೆಂದು ಮೇಸ್ತ್ರಿ, ಕ್ಷಮೆ ಕೇಳಲು ಬರುತ್ತಾನೆಂದು ಮಗಳು ತರ್ಕಿಸಿದರು. ಅತ್ತಿಗೆಗೆ ಬೇರೆಯೇ ಚಿಂತೆ. ಅವನ ಕಣ್ಣಿಗೆ ಒಳಗಿನ ಗೆರೆ ಮತ್ತೆ ಬಿದ್ದರೆ ಅತ್ತೆಯ ಮಾತು ಸುಳ್ಳೆಂದು ನಾಳೆ ಯಾರನ್ನಾದರೂ ಕರೆತರಬಹುದು. ಅವಳು ಉಳಿದ ಸುಣ್ಣವನ್ನು ಬಕೆಟ್ಟಿನಲ್ಲಿ ಕದಡಿಕೊಂಡು, ಕುಂಚ ಹಿಡಿದು ಮಾವನ ಕೋಣೆಗೆ ಹೋದಳು. ಅತ್ತೆ ಖಾಲಿ ಮಂಚವನ್ನು ಒರೆಸುತ್ತಿದ್ದರು.

"ಇದನ್ನೂ ಬಳಿದುಬಿಡ್ತೀನಿ ಅತ್ತೆ."

"ಬೇಡ."

"ಅವನು ನೋಡ್ತಾನೆ."

ಅತ್ತೆ ಒರೆಸುವ ಬಟ್ಟೆಯನ್ನು ಮಡಿಚಿ ಮಂಚದ ತಲೆಗಿಟ್ಟರು. ಗೋಡೆಯ ಬಳಿ ಹೋಗಿ, ಇಷ್ಟು ದಿನ ಮುಟ್ಟದ ಆ ಕಂದು ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೂ ನಿಧಾನವಾಗಿ ಎಳೆದರು. ಆಮೇಲೆ ಸೆರಗಿನ ಮರೆಯಿಂದ ಬೆಣ್ಣೆಯ ಡಬ್ಬಿ ತೆಗೆದು ಸೊಸೆಯ ಕೈಗಿತ್ತರು.

"ಅವನ ತಟ್ಟೆ ಇವತ್ತು ಇಲ್ಲೇ ಹಾಕು, ಈ ಗೋಡೆಗೆ ಎದುರಾಗಿ," ಎಂದರು. "ಬೆಣ್ಣೆನೂ ಬಡಿಸು. ನೋಡ್ತಾ ಉಣ್ಣಲಿ."